ಐದನೆಯ ಕಲೆ

ಫೆಬ್ರವರಿ ೪

ತಮ್ಮನಿಗೆ,

ಕಾಗದದಲ್ಲಿ ಜಾಗ ಉಳಿದರೆ ಕ್ಷೇಮಸಮಾಚಾರ ಕೊನೆಗೆ ಬರೆಯುತ್ತೇನೆ. ಮೊದಲು ಕೆಲಸದ ಮಾತು.

ಅಂಗಡಿಗೆ ಒಂದು ಮೇಜು ಬಂದಿದೆ. ಹಿಂದಿನ ಬೀದಿಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಮೇಡಂ ನೆನಪಿದ್ದಾರಲ್ಲ, ನೀನು ಮೂರು ದಿನ ಹೋಗಿ ಬೆರಳು ನೋವು ಅಂತ ಬಿಟ್ಟೆಯಲ್ಲ, ಅವರದು. ಕ್ಲಾಸ್ ಮುಚ್ಚಿದ್ದಾರೆ. ಮೆಷಿನುಗಳನ್ನೆಲ್ಲ ಗುಜರಿಗೆ ಹಾಕಿ ಒಂದನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಮೆಷಿನು ಇದ್ದ ಮೇಜನ್ನು ಊಟದ ಮೇಜು ಮಾಡಿಕೊಡು ಅಂದಿದ್ದಾರೆ. ತೇಗ. ಅಂಥ ಹಲಗೆ ಈಗ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ. ಆದರೆ ಮೆಷಿನಿನ ಕಾಲಿನ ರಬ್ಬರು ಸವೆದು, ಕಬ್ಬಿಣ ಮರಕ್ಕೆ ತಾಗಿ, ಮೇಲಿಂದ ನೀರೂ ಸೋರಿ, ನಾಲ್ಕು ಕಾಲಿನ ಜಾಗದಲ್ಲೂ ಇದ್ದಿಲಿನಂಥ ಕಪ್ಪು ಕಲೆ. ಹಳೆ ವಾರ್ನಿಷ್ ಪೂರ್ತಿ ಕೆರೆದೆ. ಕಲೆ ಮರದೊಳಗೇ ಇಳಿದಿದೆ. ಹೀಗೇ ಪಾಲಿಶ್ ಹಾಕಿದರೆ ಇನ್ನೂ ಎದ್ದು ಕಾಣುತ್ತದೆ.

"ಕಲೆ ತೆಗೆಯೋಕೆ ಅವನು, ಹೊಳಪು ಕೊಡೋಕೆ ಇವಳು" ಅಂತ ಅಪ್ಪ ಎಲ್ಲರ ಮುಂದೆ ಹೇಳುತ್ತಿದ್ದ. ಆಮೇಲೆ ಏನಾಯಿತು ಅನ್ನುವುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನೀನು ಕಲೆ ಬಿಟ್ಟೆ ಅಂತ ಅಪ್ಪ ಗಿರಾಕಿಗೆ ಕೊಡದೆ ತಡೆದ ಆ ಕಪಾಟು ಇನ್ನೂ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಅದನ್ನು ಕೆದಕಿ ಜಗಳ ಆಡುವುದಕ್ಕೆ ಬರೆಯುತ್ತಿಲ್ಲ. ನೀನು ಹೋದಮೇಲೆ ಕಲೆಯ ಸಾಮಾನು ಬಂದರೆ ವಾಪಸು ಕಳಿಸುತ್ತಿದ್ದೆ. ಟೈಪ್ ಮೇಡಂಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅಪ್ಪ ತೀರಿಕೊಂಡ ವಾರ ಪೂರ್ತಿ ನನಗೆ ಊಟ ತಂದು ಬಡಿಸಿದವರು ಅವರು.

ಆಸಿಡ್ ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು, ಆಮೇಲೆ ಏನು, ಎಲ್ಲ ಬಿಡಿಸಿ ಬರೆ. ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಎರಡನೇ ಮಾತಿಗೇ ಜಗಳ. ಕಾಗದದಲ್ಲಾದರೆ ನಿನ್ನ ಸಿಟ್ಟು ಇಲ್ಲಿಗೆ ಬರುವ ಹೊತ್ತಿಗೆ ಆರಿರುತ್ತದೆ.

ಜಾಗ ಮುಗಿಯಿತು. ಕ್ಷೇಮ.

ಅಕ್ಕ


ಫೆಬ್ರವರಿ ೧೫

ಅಕ್ಕಾ,

ನಾಲ್ಕು ವರ್ಷದ ಮೇಲೆ ಕಾಗದ ಬರೆದು "ಆಸಿಡ್ ಎಷ್ಟು" ಅಂತ ಕೇಳುವ ಹೆಂಗಸು ಭೂಮಿಯ ಮೇಲೆ ನೀನೊಬ್ಬಳೇ ಇರಬೇಕು. ಓದಿ ನಗು ಬಂತು. ಕಪಾಟಿನ ಸಾಲಿಗೆ ಬಂದಾಗ ನಿಂತುಹೋಯಿತು.

ಮೊದಲು ಮೇಜು. ಆಕ್ಸಾಲಿಕ್ ಆಸಿಡ್ ಹರಳನ್ನು ಬಿಸಿನೀರಿಗೆ ಹಾಕು, ಇನ್ನು ಕರಗುವುದಿಲ್ಲ ಅನ್ನುವವರೆಗೆ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಕಬ್ಬಿಣದ ಪಾತ್ರೆ ಹತ್ತಿರ ತರಬೇಡ. ಕೈಗೆ ಗವಸು, ಕಿಟಕಿ ತೆಗೆದಿರಲಿ. ಕಲೆಯ ಮೇಲೆ ಮಾತ್ರ ಹಚ್ಚಿದರೆ ಅಲ್ಲಿ ಬಿಳಿ ಬಳೆ ಬೀಳುತ್ತದೆ, ಮೇಜಿಗೆ ಪೂರ್ತಿ ಹಚ್ಚು. ಒಣಗುವ ಮೊದಲೇ ಕಪ್ಪು ಇಳಿಯುವುದು ಕಾಣುತ್ತದೆ. ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆದು, ಅಡುಗೆ ಸೋಡಾ ನೀರು ಒರೆಸಿ, ಮತ್ತೆ ತೊಳೆ. ಪೂರ್ತಿ ತೊಳೆದು ಒಣಗಿಸದೆ ಸ್ಯಾಂಡ್ ಪೇಪರ್ ಮುಟ್ಟಿಸಬೇಡ, ಉಳಿದ ಆಸಿಡಿನ ಪುಡಿ ಮೂಗಿಗೆ ಹೋದರೆ ಗಂಟಲು ಕೊಯ್ದ ಹಾಗಾಗುತ್ತದೆ.

ಇನ್ನು ಎರಡು ಮಾತು. ಟೈಪ್ ಮೇಡಂ ನನ್ನ ಬೆರಳಿಗೆ ಸ್ಕೇಲಿನಿಂದ ಹೊಡೆದರು, ಅದಕ್ಕೆ ಬಿಟ್ಟೆ. ಮತ್ತು ಆ ಕಪಾಟಿನಲ್ಲಿ ಕಲೆ ಇರಲಿಲ್ಲ. ನೀನು ಆ ದಿನ ಅಂಗಡಿಯಲ್ಲಿ ಇರಲಿಲ್ಲ, ನಾನಿದ್ದೆ. ಗಿರಾಕಿ ಕಪಾಟು ಎತ್ತಿಸಲು ಆಳುಗಳನ್ನು ಕರೆತಂದಿದ್ದ. ಅಪ್ಪ ಅಡ್ಡ ನಿಂತು, ನನಗೆ "ಇಷ್ಟು ದೊಡ್ಡ ಕಲೆ ಕಾಣಿಸಲ್ವಾ? ನಿನ್ನ ಕಣ್ಣೇನು ಕುರುಡಾ?" ಅಂದ. ಗಿರಾಕಿ ಒಮ್ಮೆ ಕಪಾಟು ನೋಡಿದ, ಒಮ್ಮೆ ನಮ್ಮನ್ನು ನೋಡಿದ, ಇವರ ಸಹವಾಸ ಸಾಕು ಅಂತ ಹೊರಟುಹೋದ. ಅಪ್ಪಂದಿರು ಬೈಯುತ್ತಾರೆ, ಅದು ಬೇಜಾರಿಲ್ಲ. ಬೈಯುವಾಗಲೂ ನನ್ನ ಮುಖ ನೋಡಲಿಲ್ಲ. ನಾನು ಮನೆ ಬಿಡುವ ಮುಂಚಿನ ಆ ಒಂದು ವರ್ಷ ನನ್ನ ಜೊತೆ ಮಾತಾಡುವಾಗೆಲ್ಲ ಕಿಟಕಿ ನೋಡುತ್ತಿದ್ದ. ನಾಯಿಗಾದರೂ ಮುಖ ನೋಡಿ ಅನ್ನ ಹಾಕುತ್ತಾರೆ ಅಕ್ಕ.

ಇಲ್ಲಿ ಹಲಗೆ ಕಾರ್ಖಾನೆಯಲ್ಲಿ ನನ್ನ ಕೆಲಸ ಏನು ಗೊತ್ತಾ? ಬೆಲ್ಟಿನ ಮೇಲೆ ಹೋಗುವ ಹಲಗೆಗಳಲ್ಲಿ ಕಲೆ ಹುಡುಕುವುದು. ಕುರುಡನಿಗೆ ಹೇಳಿ ಮಾಡಿಸಿದ ಕೆಲಸ.

ತಮ್ಮ


ಮಾರ್ಚ್ ೯

ತಮ್ಮನಿಗೆ,

ನೀನು ಹೇಳಿದ ಹಾಗೇ ಮಾಡಿದೆ. ನಾಲ್ಕು ಕಲೆಯೂ ಹೋಯಿತು. ಕಪ್ಪು ಹೋಗಿ ಬೂದಿಯಾಗಿ, ಬೂದಿ ಹೋಗಿ ಮರದ ಬಣ್ಣ ಬರುವುದನ್ನು ನೋಡುತ್ತ ನಿಂತಿದ್ದೆ. ಹೊಟ್ಟೆ ತುಂಬಿದ ಹಾಗಾಯಿತು. ಆದರೆ ಒಣಗಿದ ಮೇಲೆ ನಡುವೆ ಐದನೆಯದೊಂದು ಕಾಣಿಸಿತು. ಬೊಗಸೆಯಷ್ಟಿದೆ, ಅಂಚು ಮಸುಕು. ಇನ್ನೊಮ್ಮೆ ಆಸಿಡ್ ಹಾಕಿದೆ. ಒದ್ದೆಯಿದ್ದಾಗ ಹೋಯಿತು ಅನ್ನಿಸಿತು, ಒಣಗಿದ ಮೇಲೆ ಮತ್ತೆ ಬಂದು ಕೂತಿದೆ.

ಕಪಾಟಿನ ವಿಷಯ ನೀನು ಎತ್ತಿದ್ದರಿಂದ ಹೇಳುತ್ತೇನೆ. ಅಪ್ಪನದು ಹದ್ದಿನ ಕಣ್ಣು. ಒಂದು ಕೂದಲು ಪಾಲಿಶಿನಲ್ಲಿ ಸಿಕ್ಕಿದ್ದರೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ. ಅಪ್ಪ ಕಲೆ ಇದೆ ಅಂದಮೇಲೆ ಇದೆ. ನಾನು ಕಪಾಟು ತಿರುಗಿಸಿ ನೋಡಿಲ್ಲ, ನೋಡಬೇಕಾಗಿಯೂ ಇಲ್ಲ. ಸಾಯುವವರೆಗೂ ನಿನ್ನ ಹೆಸರು ಎತ್ತಲಿಲ್ಲ, ಆ ಕೋಣೆಗೆ ಹೋಗಿ ಕಪಾಟಿನ ಬೆನ್ನು ಸವರಿ ಬರುತ್ತಿದ್ದ. ಅದನ್ನು ನೋಡಿದವಳು ನಾನು. ನೀನಲ್ಲ.

ಐದನೆಯದಕ್ಕೆ ಮದ್ದು ಹೇಳು.

ಅಕ್ಕ


ಮಾರ್ಚ್ ೨೧

ಅಕ್ಕಾ,

ನೀನೂ ಅಪ್ಪನ ಮಗಳೇ, ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಟೈಪ್ ರೈಟರಿಗೆ ನಾಲ್ಕೇ ಕಾಲು. ಐದನೆಯ ಕಲೆ ಎಲ್ಲಿಂದ ಬಂತು?

ಎರಡು ದಾರಿಯಿದೆ. ಸ್ಟೀಲ್ ವುಲ್ ಹಾಕಿ ಉಜ್ಜಿದೆಯಾ? ಅದರ ಕಬ್ಬಿಣದ ಎಳೆಯ ಚೂರು ಮರದ ಎಳೆಯಲ್ಲಿ ಸಿಕ್ಕಿಕೊಂಡರೆ ನೀರು ತಾಗಿದ ಕೂಡಲೇ ಹೊಸ ಕಪ್ಪು ಹುಟ್ಟುತ್ತದೆ. ಅಥವಾ ಕೆಳಗಿಂದ ಮೊಳೆ ಹೊಡೆದಿರಬೇಕು. ಮೇಜು ಬೋರಲು ಹಾಕಿ, ಆ ಜಾಗದ ನೇರಕ್ಕೆ ಕೆಳಗೆ ಏನಿದೆ ನೋಡು. ಕಬ್ಬಿಣ ಇಲ್ಲದೆ ಇಂಥ ಕಲೆ ಏಳುವುದಿಲ್ಲ. ಕಬ್ಬಿಣ ಸಿಗುವವರೆಗೆ ಮತ್ತೆ ಆಸಿಡ್ ಹಾಕಬೇಡ, ಮರ ಸುಮ್ಮನೆ ಬಳಲುತ್ತದೆ.

ಕಪಾಟಿನ ಬೆನ್ನು ಸವರುತ್ತಿದ್ದ ಅಂತ ಬರೆದೆಯಲ್ಲ. ಅದನ್ನು ಓದಿದಮೇಲೆ ಊಟ ಸೇರಲಿಲ್ಲ.

ತಮ್ಮ


ಏಪ್ರಿಲ್ ೧೮

ತಮ್ಮನಿಗೆ,

ಸ್ಟೀಲ್ ವುಲ್ ನಾನು ಮುಟ್ಟುವುದೇ ಇಲ್ಲ, ನನ್ನನ್ನು ನಿನ್ನೆ ಮೊನ್ನೆ ಕೆಲಸ ಕಲಿತವಳು ಅಂದುಕೊಂಡೆಯಾ? ಮೇಜು ಬೋರಲು ಹಾಕಿದೆ. ಮೊಳೆ ಇಲ್ಲ, ಸ್ಕ್ರೂ ಇಲ್ಲ, ಏನೂ ಇಲ್ಲ. ಆದರೆ ಕೇಳು, ಕೆಳಗಡೆಯೂ ಕಲೆ ಇದೆ. ಮತ್ತೆ ಮೇಲೆ ತಿರುಗಿಸಿದೆ. ಆಗ ನಡುವೆ ಇದ್ದದ್ದು ಎಡಗಡೆ ಮೂಲೆಗೆ ಬಂದಿತ್ತು. ಒಂದೇ ಕಡೆ ನಿಲ್ಲುವುದಿಲ್ಲ ಹಾಳಾದ್ದು. ಮರದೊಳಗೆ ಎಲ್ಲೋ ನೀರು ಹರಿಯುತ್ತಿದೆಯೋ ಏನೋ.

ಸಾಲದ್ದಕ್ಕೆ ಹಲಗೆಯೇ ಡೊಂಕು. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನಬೇಡ, ನಿಜವಾಗಿಯೂ ಡೊಂಕು. ಅಂಚಿನ ಗೆರೆ ಹಾವಿನ ಹಾಗೆ ಹೋಗುತ್ತದೆ. ಎರಡು ದಿನ ಕೂತು ಕೀಸುಳಿಯಲ್ಲಿ ಹೆರೆದೆ. ಹೆರೆದಷ್ಟೂ ಡೊಂಕು ಪಕ್ಕಕ್ಕೆ ಸರಿಯುತ್ತದೆ.

ಮೊನ್ನೆ ಟೈಪ್ ಮೇಡಂ ಬಂದಿದ್ದರು. "ಎಲ್ಲಮ್ಮಾ ಕಲೆ? ಎಷ್ಟು ಚೆನ್ನಾಗಿ ಆಗಿದೆ, ಸಾಕು ಬಿಡು" ಅಂದರು. "ನಿಮ್ಮ ಕನ್ನಡಕ ಬದಲಾಯಿಸಿ ಮೇಡಂ" ಅಂದೆ. ಅವರು ನಗಲಿಲ್ಲ. ಮೇಜನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಆಸಿಡ್ ಇನ್ನು ಸಾಕು. ಬಟ್ಟೆ ಬ್ಲೀಚ್ ಒಂದು ಡಬ್ಬ ತಂದಿಟ್ಟಿದ್ದೇನೆ. ಆಸಿಡ್ ಹಾಕಿದ ಮೇಲೆಯೇ ಅದನ್ನು ಸುರಿದರೆ ಎರಡೂ ಸೇರಿ ಜೋರಾಗಿ ಹಿಡಿಯುತ್ತದಾ? ಬೇಗ ಬರೆ. ಈ ಕಲೆ ಬಿಟ್ಟು ಕಳಿಸಿದರೆ ಅಪ್ಪನ ಅಂಗಡಿಯಲ್ಲಿ ಕೂರುವ ಯೋಗ್ಯತೆ ನನಗಿಲ್ಲ.

ಅಕ್ಕ


ಏಪ್ರಿಲ್ ೨೭

ಅಕ್ಕಾ,

ಈ ಕಾಗದ ಕೈಗೆ ಬಂದ ಕೂಡಲೇ ಬ್ರಷ್ ಕೆಳಗಿಡು. ಆಸಿಡ್ ಕುಡಿದ ಮರದ ಮೇಲೆ ಬ್ಲೀಚ್ ಸುರಿದರೆ ವಿಷಗಾಳಿ ಏಳುತ್ತದೆ. ಆ ಡಬ್ಬ ಅಂಗಡಿಯಲ್ಲೇ ಇರುವುದು ಬೇಡ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಟೈಪ್ ಮೇಡಂ ನಂಬರು ಹುಡುಕಿ ಅವರಿಗೆ ಹೇಳಿದ್ದೇನೆ, ಅವರೇ ಬಂದು ಡಬ್ಬ ಎತ್ತಿಕೊಂಡು ಹೋಗುತ್ತಾರೆ. ಅವರ ಜೊತೆ ಜಗಳ ಆಡಬೇಡ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಕೊನೆಗೆ ಮಾತು ಬಿಟ್ಟು ಬರೀ ಅಕ್ಷರ ನೋಡಿದೆ. ಶಾಲೆಯಲ್ಲಿ ನಿನ್ನ ಅಕ್ಷರ ತೋರಿಸಿ ನನ್ನ ಕಿವಿ ಹಿಂಡುತ್ತಿದ್ದರು. ಈಗ ಸಾಲಿನ ಮೇಲೆ ಸಾಲು ಹತ್ತಿದೆ. ಒಂದು ಕಡೆ ಬರೆದದ್ದರ ಮೇಲೆಯೇ ಬರೆದಿದ್ದೀಯ.

ಕಲೆ ಜಾಗ ಬಿಟ್ಟು ಹೋಗುವುದಿಲ್ಲ ಅಕ್ಕ. ಹೋಗುವುದು ನೋಡುವ ಕಣ್ಣು.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಕಾರ್ಖಾನೆಯಲ್ಲಿ ಕಲೆ ಹುಡುಕುವವರಿಗೆಲ್ಲ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡುತ್ತಾರೆ, ಆಗ ಇದನ್ನು ತೋರಿಸುತ್ತಾರೆ. ಬರೀ ಚೌಕಗಳು, ನಡುವೆ ಒಂದು ಚುಕ್ಕೆ. ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಚುಕ್ಕೆಯನ್ನೇ ನೋಡು. ಗೆರೆ ಎಲ್ಲಿ ಡೊಂಕಾಗಿ ಕಾಣುತ್ತದೋ, ಎಲ್ಲಿ ಕಾಣುವುದೇ ಇಲ್ಲವೋ, ಅಲ್ಲಿ ಪೆನ್ಸಿಲಿನಿಂದ ಸುತ್ತು ಹಾಕು. ಆಮೇಲೆ ಇನ್ನೊಂದು ಕಣ್ಣು. ಹಾಳೆ ನನಗೆ ವಾಪಸು ಕಳಿಸು.

ತಮ್ಮ


ಮೇ ೮

ನಿನ್ನ ಕೈಲಾಗದಿದ್ದರೆ ಕೈಲಾಗುವುದಿಲ್ಲ ಅನ್ನು. ನನ್ನ ಕಣ್ಣಿಗೆ ಹೆಸರಿಡಬೇಡ.

ಅಪ್ಪ ಅಂದ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಈಗ ನನಗೆ ತಿರುಗಿಸಿ ಅಂದೆಯಲ್ಲ, ಸೇಡು ತೀರಿತಲ್ಲ. ಮೇಡಂ ಬಂದು ಡಬ್ಬ ಹೊತ್ತುಕೊಂಡು ಹೋದರು, ಕಳ್ಳಿಯ ಮನೆ ಜಪ್ತಿ ಮಾಡಿದ ಹಾಗೆ. ನಿನ್ನ ಹಾಳೆ ಮಡಚಿ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದೇನೆ. ಅಲ್ಲಾಡುತ್ತಿತ್ತು.

ಅಕ್ಕ


ಮೇ ೨೦

ಸೇಡಲ್ಲ ಅಕ್ಕ. ಹೆದರಿಕೆ.

ಬೈದುಕೋ, ಪರವಾಗಿಲ್ಲ. ಆದರೆ ಹಾಳೆ ಒಂದು ಸಲ ನೋಡು. ಗೆರೆಗಳು ನೆಟ್ಟಗಿದ್ದರೆ ನಾನೇ ಬಂದು ಆ ಮೇಜಿನ ಮುಂದೆ ಬಸ್ಕಿ ಹೊಡೆಯುತ್ತೇನೆ, ಮೇಡಂ ಸ್ಕೇಲು ತರಲಿ.

ತಮ್ಮ


ಜೂನ್ ೧೭

ಹಾಳೆ ಇಟ್ಟಿದ್ದೇನೆ. ಬಲಗಣ್ಣಿನದು ದೊಡ್ಡ ಸುತ್ತು, ಎಡಗಣ್ಣಿನದು ಚಿಕ್ಕದು.

ನಡುವೆ ಒಂದು ಚುಕ್ಕೆ ಇದೆ ಅಂತ ನೀನು ಬರೆದಿದ್ದೆ. ನನಗೆ ಸಿಗಲಿಲ್ಲ.

ಅಕ್ಕ


ಜುಲೈ ೧೪

ತಮ್ಮನಿಗೆ,

ಇದು ಟೈಪ್ ಮಾಡಿದ ಕಾಗದ ಅಂತ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಮೇಡಂ ಒತ್ತುತ್ತಿದ್ದಾರೆ. ಹೇಳಿದ್ದನ್ನು ಹೇಳಿದ ಹಾಗೇ ಒತ್ತಿ ಅಂತ ಆಣೆ ಹಾಕಿಸಿದ್ದೇನೆ. ಸ್ಕೇಲಿನಲ್ಲಿ ಹೊಡೆದದ್ದು ನೆನಪಿಲ್ಲವಂತೆ, ಹೊಡೆದಿದ್ದರೆ ಕಾರಣ ಇದ್ದೇ ಇರುತ್ತದಂತೆ.

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಬಲಗಣ್ಣಿನ ನಡುಭಾಗದ ನೋಟ ಹೋಗಿದೆ, ಅಂಚಿನದು ಉಳಿದಿದೆ. ಹೋದದ್ದು ಬರುವುದಿಲ್ಲ. ಎಡಗಣ್ಣಿನಲ್ಲಿ ಈಗ ಶುರುವಾಗಿದೆ, ಕಣ್ಣಿಗೇ ಸೂಜಿ ಹಾಕುತ್ತಾರೆ, ಅದರಿಂದ ಸ್ವಲ್ಪ ಹಿಡಿದು ನಿಲ್ಲಿಸಬಹುದು, ಎಷ್ಟು ಅಂತ ಹೇಳಲಾಗುವುದಿಲ್ಲ ಅಂದರು. ಕಲೆ ಕಾಣುವುದು, ನೆಟ್ಟಗಿರುವುದು ಡೊಂಕಾಗಿ ಕಾಣುವುದು, ಎಲ್ಲ ಇದರದೇ ಅಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನನ್ನ ಕಣ್ಣಿನ ರೋಗಕ್ಕೆ ಬಡಪಾಯಿ ಮೇಜಿಗೆ ಆಸಿಡ್ ಕುಡಿಸಿದೆ. ನೆಟ್ಟಗಿದ್ದ ಹಲಗೆಯನ್ನು ಹೆರೆದು ತೊಟ್ಟಿಲು ಮಾಡಿದ್ದೇನೆ. ಅನ್ನದ ತಟ್ಟೆ ಇಟ್ಟರೆ ಸಾರು ಒಂದು ಕಡೆಗೆ ಹರಿಯುತ್ತದೆ. ಮೇಡಂ "ಪರವಾಗಿಲ್ಲಮ್ಮ, ನಾನು ಸಾರು ಕಡಿಮೆ ಹಾಕ್ಕೋತೀನಿ" ಅನ್ನುತ್ತಾರೆ. ಅವರ ಎದುರಿಗೇ ಅತ್ತುಬಿಟ್ಟೆ.

ಈಗ ಮುಖ್ಯ ಮಾತು. ಡಾಕ್ಟರು "ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ?" ಅಂತ ಕೇಳಿದರು. ಇಲ್ಲ ಅಂದೆ. ಮೆಟ್ಟಿಲು ಇಳಿಯುತ್ತಿರುವಾಗ ಕಾಲು ನಿಂತುಹೋಯಿತು. ಅಪ್ಪ ಪೇಪರ್ ಓದುವುದು ಬಿಟ್ಟಿದ್ದ, ನೆನಪಿದೆಯಾ? "ಅದರಲ್ಲಿ ಏನಿದೆ ಮಣ್ಣು" ಅನ್ನುತ್ತಿದ್ದ. ಕಾಫಿ ಲೋಟದ ಪಕ್ಕಕ್ಕೆ ಕೈ ಹಾಕುತ್ತಿದ್ದ. ಮರವನ್ನು ನೋಡುತ್ತಿರಲಿಲ್ಲ, ಅಂಗೈಯಲ್ಲಿ ಸವರುತ್ತಿದ್ದ. ನಮ್ಮಪ್ಪ ಅಂಗೈಯಲ್ಲೇ ಮರ ಓದುತ್ತಾನೆ ಅಂತ ಗಿರಾಕಿಗಳ ಮುಂದೆ ನಾವಿಬ್ಬರೂ ಜಂಬ ಕೊಚ್ಚಿಕೊಳ್ಳುತ್ತಿದ್ದೆವು. ನಡೆದಾಡುತ್ತಿದ್ದ, ಒಂದು ಬಾಗಿಲಿಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ನಮಗೆ ಹೇಗೆ ಗೊತ್ತಾಗಬೇಕು?

ಮನೆಗೆ ಬಂದ ಕೂಡಲೇ ಹಿಂದಿನ ಕೋಣೆಗೆ ಹೋದೆವು. ಮೇಡಂ ಒಂದು ಕಡೆ, ನಾನೊಂದು ಕಡೆ ಹಿಡಿದು ಕಪಾಟನ್ನು ತಿರುಗಿಸಿದೆವು. ಧೂಳು ಒರೆಸಿದೆವು. "ಕಲೆ ಇದೆಯಾ ಮೇಡಂ?" ಅಂತ ಕೇಳಿದೆ. ಬಾಗಿಲು ತೆಗೆದು, ಹಾಕಿ, ಕನ್ನಡಕ ಒರೆಸಿಕೊಂಡು, ಬಗ್ಗಿ, ದೀಪ ಹಿಡಿದು ನೋಡಿದರು. "ಇಲ್ಲಮ್ಮ. ಎಲ್ಲೂ ಇಲ್ಲ. ಕನ್ನಡಿ ಹಾಗಿದೆ" ಅಂದರು.

ನಾನೂ ನೋಡಿದೆ. ನನಗೆ ಇತ್ತು, ತಮ್ಮಾ. ಅಪ್ಪ ಹೇಳಿದಷ್ಟೇ ದೊಡ್ಡದು. ಎಲ್ಲಿ ನೋಡಿದರೆ ಅಲ್ಲಿತ್ತು.

ಅಕ್ಕ


ಜುಲೈ ೨೬

ಅಕ್ಕಾ,

ಆ ಕಪಾಟಿನಲ್ಲಿ ಕಲೆ ಇಲ್ಲ ಅಂತ ಯಾರಾದರೂ ಒಬ್ಬರು ಹೇಳಲಿ ಅಂತ ನಾಲ್ಕು ವರ್ಷ ಕಾದೆ. ಬಸ್ಸಿನಲ್ಲಿ, ಊಟಕ್ಕೆ ಕೂತಾಗ, ಬೆಲ್ಟಿನ ಮುಂದೆ, ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿದ್ದೀಯ. ನನಗೆ ಬೇಡ ಅಕ್ಕ. ಕಪಾಟಿನ ತುಂಬ ಕಲೆ ಇರಲಿ, ನಾನೇ ಬಿಟ್ಟದ್ದು ಅನ್ನಲಿ. ನಿನ್ನ ಗೆರೆಗಳು ನೆಟ್ಟಗಿದ್ದಿದ್ದರೆ ಸಾಕಿತ್ತು.

ಅಪ್ಪ ಸತ್ತಾಗ ಬಂದವನು ಗೇಟಿನ ಹೊರಗೇ ನಿಂತು ಹೋದೆ. ಒಳಗೆ ಬಂದಿದ್ದರೆ ಹೆಣವಾದರೂ ನನ್ನ ಮುಖ ನೋಡುತ್ತಿರಲಿಲ್ಲ ಅನ್ನುವಷ್ಟು ಸಿಟ್ಟು. ಕಾಣದವನ ಮೇಲೆ ಕುರುಡನ ಸಿಟ್ಟು ಇಟ್ಟುಕೊಂಡಿದ್ದೆ. ಅವನು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? "ಯಾಕೋ ಕಾಣಿಸ್ತಿಲ್ಲ ಕಣೋ" ಅಂತ. ಅಷ್ಟೇ. ಹೇಳುವವನಲ್ಲ ಬಿಡು. ನೀನೂ ಹೇಳುವವಳಲ್ಲ.

ನಾನು ಬರುತ್ತಿದ್ದೇನೆ. ರಜೆಗೆ ಅಲ್ಲ, ಇಲ್ಲಿ ಲೆಕ್ಕ ಮುಗಿಸಿ. ಆಗಸ್ಟ್ ಕೊನೆಯ ಹೊತ್ತಿಗೆ. ಮೇಜಿಗೆ ಹಲಗೆ ಬದಲಾಯಿಸೋಣ, ಅಲ್ಲಿಯವರೆಗೆ ಅದನ್ನು ಮುಟ್ಟಬೇಡ. ಸೂಜಿಗೆ ಹೋಗುವುದನ್ನು ತಪ್ಪಿಸಬೇಡ, ತಪ್ಪಿಸಿದರೆ ಮೇಡಂ ನನಗೆ ಹೇಳುತ್ತಾರೆ. ಹಾಳೆಯ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ, ನಾನೂ ನೋಡಿಕೊಳ್ಳುತ್ತಿದ್ದೇನೆ. ಸದ್ಯಕ್ಕೆ ನೆಟ್ಟಗಿದೆ.

ತಮ್ಮ


ಆಗಸ್ಟ್ ೮

ತಮ್ಮನಿಗೆ,

ಇದನ್ನು ನಾನೇ ಒತ್ತುತ್ತಿದ್ದೇನೆ. ತಪ್ಪಿದ್ದರೆ ನುಂಗಿಕೊ. ಮೇಡಂ ದಿನಾ ಸಂಜೆ ಮೆಷಿನು ತಂದು ಆ ಡೊಂಕು ಮೇಜಿನ ಮೇಲೇ ಇಟ್ಟು ಕಲಿಸುತ್ತಾರೆ. ಕೆಳಗೆ ನೋಡಬಾರದು ಅನ್ನುವುದೇ ಅವರ ಮೊದಲ ಪಾಠ. ನನಗೆ ಅದೊಂದು ಸುಲಭ. ಸ್ಕೇಲು ಇನ್ನೂ ಹೊರಗೆ ಬಂದಿಲ್ಲ.

ಸೂಜಿ ಎರಡಾಯಿತು. ನೋವು ಅಷ್ಟಿಲ್ಲ, ಸೂಜಿ ಹತ್ತಿರ ಬರುವುದು ಕಾಣುತ್ತದಲ್ಲ, ಅದು ಕಷ್ಟ. ಎಡಗಣ್ಣು ಹಾಗೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊಳಪು ಕೊಡುವ ಕೆಲಸ ಇನ್ನು ನನ್ನಿಂದಾಗದು. ಸವರಿ ಹೇಳಬಲ್ಲೆ, ಅಷ್ಟೇ. ಅಂಗಡಿಗೆ ಬಾಗಿಲು ಹಾಕೋಣ ಅಂತ ಮನಸ್ಸು ಮಾಡಿದ್ದೆ. ನೀನು ಬರುತ್ತೀಯ ಅಂದಮೇಲೆ ತೆಗೆದೇ ಇಟ್ಟಿದ್ದೇನೆ. ಕಪಾಟನ್ನು ಮುಂದೆ ತಂದು ನಿಲ್ಲಿಸಿದ್ದೇವೆ, ಬೀದಿಗೆ ಕಾಣುವ ಹಾಗೆ.

ನೀನು ಬರುವ ಮೊದಲು ಒಂದು ಮಾತು ತಿಳಿದುಕೊಂಡಿರು. ನಾನು ನೆಟ್ಟಗೆ ನೋಡಿದರೆ ಎದುರಿಗಿರುವವರ ಮುಖ ಕಾಣುವುದಿಲ್ಲ. ಮುಖ ಇರಬೇಕಾದ ಕಡೆ ಕಲೆ ಕೂತಿರುತ್ತದೆ. ಸುತ್ತಲಿನ ಕೂದಲು, ಕಿವಿ, ಭುಜ, ಹಿಂದಿನ ಗೋಡೆ, ಎಲ್ಲ ಇರುತ್ತದೆ. ಮುಖ ಮಾತ್ರ ಇರುವುದಿಲ್ಲ. ಮೊನ್ನೆ ಮೇಡಂ ಮಾತಾಡುತ್ತಿರುವಾಗ ಬೇಜಾರಾಗಿ ಆ ಕಡೆ ತಿರುಗಿದೆ. ಕಿಟಕಿ ನೋಡುತ್ತಿದ್ದೆ. ಆಗ ಪಕ್ಕದಲ್ಲಿ ಅವರ ಮುಖ ಬಂತು. ಮಸುಕಾಗಿ, ಆದರೆ ಬಂತು. ಕಣ್ಣು, ಮೂಗು, ಬಾಯಿ, ಎಲ್ಲ. ಮುಖ ನೋಡಬೇಕಾದರೆ ಹಾಗೆ ಪಕ್ಕಕ್ಕೆ ನೋಡಬೇಕಂತೆ, ಡಾಕ್ಟರೂ ಅದನ್ನೇ ಹೇಳಿದರು.

ನೀನು ಬಂದು ನನ್ನ ಮುಂದೆ ನಿಂತಾಗ ನಾನು ಕಿಟಕಿ ಕಡೆ ತಿರುಗಿದರೆ ಬೇಜಾರು ಮಾಡಿಕೊಳ್ಳಬೇಡ. ನಿನ್ನನ್ನೇ ನೋಡುತ್ತಿರುತ್ತೇನೆ.

ಅಪ್ಪನೂ ನಿನ್ನನ್ನೇ ನೋಡುತ್ತಿದ್ದ ಕಣೋ.

ಅಕ್ಕ